ನಂದಿಬೆಟ್ಟದ ಸುತ್ತಿನ ಕಣಿವೆ ರಸ್ತೆಗಳು, ಆಮೇಲೆ ಹೊನ್ನಾವರದ ಕಡಲು: ರೋಡ್ ಬೈಕ್‌ಗೆ ದಾರಿ ಹೇಳಿ

ಕಂದವಾರ ಸವಾರ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದವನು, ಮನೆ ಕಂದವಾರ ಕೆರೆ ಹತ್ತಿರ. ರೋಡ್ ಬೈಕ್ ತಗೊಂಡು ವರ್ಷದ ಮೇಲಾಯಿತು. ಈ ಊರಲ್ಲಿ ಸೈಕಲ್ ತುಳಿಯುತ್ತೇನೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: ನಂದಿಬೆಟ್ಟ ಹತ್ತಿದ್ಯಾ, ಎಷ್ಟು ಹೊತ್ತಾಯ್ತು? ಬೆಟ್ಟ ಹತ್ತುತ್ತೇನೆ, ಇಷ್ಟವೂ ಇದೆ. ಆದರೆ ನನಗೆ ಬೇಕಿರುವುದು ಬೆಟ್ಟಗಳ ನಡುವಿನ ರಸ್ತೆಗಳು. ಬೆಳಗ್ಗೆ ಮೂರ್ನಾಲ್ಕು ಗಂಟೆ ಹಳ್ಳಿಗಳ ಮೇಲೆ ಸುತ್ತಿ ಬರುವಂಥವು. ಲಾರಿ ಕಮ್ಮಿ ಇರಬೇಕು, ಡಾಂಬರು ಸುಮಾರಾಗಿ ಚೆನ್ನಾಗಿರಬೇಕು.

ಇನ್ನೊಂದು ಆಸೆ ಇದೆ. ನಮ್ಮೂರ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 69 ಶುರುವಾಗುವುದೇ ಹೊನ್ನಾವರದಲ್ಲಿ. ನಮ್ಮೂರ ರಸ್ತೆಯೇ ಕಡಲವರೆಗೂ ಹೋಗುತ್ತೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಡಿಸೆಂಬರ್ ಕೊನೆಗೆ ಹೋಗಬೇಕು ಅಂತಿದ್ದೇನೆ. ಅಷ್ಟರೊಳಗೆ ಇಲ್ಲಿನ ರಸ್ತೆಗಳಲ್ಲಿ ಕಾಲು ಹೇಗೆ ಗಟ್ಟಿ ಮಾಡಿಕೊಳ್ಳಲಿ? ತುಮಕೂರು, ಕೋಲಾರದವರೂ ನಿಮ್ಮ ಕಡೆಯ ದಾರಿ ಹೇಳಿ.

ಮುದ್ದೇನಹಳ್ಳಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ ತಮ್ಮಾ. ನಂದಿಬೆಟ್ಟ ಅಂದರೆ ಬರೀ ಆ ಏರು ಅಲ್ಲ. ಆ ಬೆಟ್ಟದ ಸಾಲಿನ ಸುತ್ತ ಹರಡಿರುವ ಕಣಿವೆಗಳಲ್ಲೇ ನಿಜವಾದ ಸೈಕಲ್ ದಾರಿಗಳಿರುವುದು ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೇನೆ. ಬೆಂಗಳೂರಿಂದ ಬರುವವರು ಬೆಟ್ಟ ಹತ್ತಿ, ಫೋಟೋ ತೆಗೆದು, ಹೆದ್ದಾರಿ ಹಿಡಿದು ವಾಪಸ್ ಹೋಗುತ್ತಾರೆ. ಒಳಗಿನ ರಸ್ತೆ ನಮಗೆ ಉಳಿದಿದೆ.

ಮೊದಲು ಚಿಕ್ಕದು. ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿ, ಅಲ್ಲಿಂದ ನಂದಿ ಗ್ರಾಮ, ಸುಲ್ತಾನಪೇಟೆ, ಹಾಗೇ ಬೆಟ್ಟದ ಬುಡದವರೆಗೆ ಹೋಗಿ ತಿರುಗಿ. ಹೋಗಿ ಬರುವುದು ಮೂವತ್ತು ಕಿ.ಮೀ. ಆಸುಪಾಸು. ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ಹೂವಿನ ಹೊಲ ದಾರಿಯುದ್ದಕ್ಕೂ ಸಿಗುತ್ತವೆ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಇದೆ, ಸಮಾಧಿಯೂ ಇದೆ. ನಂದಿಯಲ್ಲಿ ಭೋಗನಂದೀಶ್ವರನ ಗುಡಿ. ಸುಲ್ತಾನಪೇಟೆಯಿಂದಲೇ ಬೆಟ್ಟಕ್ಕೆ ಮೆಟ್ಟಿಲಿನ ಹಳೇ ದಾರಿ ಶುರುವಾಗುತ್ತದೆ. ಕೆಲಸದ ದಿನಗಳಲ್ಲಿ ಆಫೀಸಿಗೆ ಮುಂಚೆ ಮುಗಿಸಲು ಇದು ಹೇಳಿ ಮಾಡಿಸಿದ ಸುತ್ತು.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. ಮಂಚೇನಹಳ್ಳಿ ಮೇಲೆ ಗೌರಿಬಿದನೂರು, ಅಲ್ಲಿಂದ ವಿದುರಾಶ್ವತ್ಥ. ಗೌರಿಬಿದನೂರಿನವರೆಗೆ ನೀವು ಹೇಳಿದ 69ನೇ ಹೆದ್ದಾರಿಯ ತುಂಡೇ ಇದು. ರಂಗಸ್ಥಳ ದಾಟಿದ ಮೇಲೆ ಎರಡೂ ಕಡೆ ಗುಡ್ಡ ಶುರು. ಈ ಸೀಮೆಯ ನೀರೆಲ್ಲ ಉತ್ತರ ಪಿನಾಕಿನಿಗೆ ಹೋಗಿ ಸೇರುತ್ತದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಗೌರಿಬಿದನೂರು 700ರ ಹತ್ತಿರ. ಅಂದರೆ ಹೋಗುವಾಗ ಸೈಕಲ್ ತಾನಾಗೇ ಓಡುತ್ತದೆ. ಬರುವಾಗ ಆ ಇನ್ನೂರು ಮೀಟರನ್ನು ಬಿಸಿಲಲ್ಲಿ ಹತ್ತಬೇಕು. ಅದಕ್ಕೇ ಹೇಳುವುದು, ಹೋಗುವಾಗ ಹುಮ್ಮಸ್ಸು ಬಂತು ಅಂತ ಎಲ್ಲ ಶಕ್ತಿ ಸುರಿಯಬೇಡಿ. ವಿದುರಾಶ್ವತ್ಥದಲ್ಲಿ ಒಂದರ್ಧ ಗಂಟೆ ಕೂತು ಬನ್ನಿ. 1938ರ ಏಪ್ರಿಲ್ 25ರಂದು ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಅಲ್ಲಿನ ಸ್ಮಾರಕ ನೋಡದೆ ಬರೀ ಕಿಲೋಮೀಟರ್ ಲೆಕ್ಕ ಹಾಕಿ ವಾಪಸ್ ಬರುವುದು ನನಗಂತೂ ಸರಿ ಕಾಣುವುದಿಲ್ಲ.

ನಂದಿ ಕ್ರಾಸ್

ಮೇಷ್ಟ್ರ ಮಾತು ಒಪ್ಪುತ್ತೇನೆ. ಆದರೆ ಬೆಟ್ಟವನ್ನು ಪಕ್ಕಕ್ಕೆ ಇಡಬೇಡಿ. ಕಡಲಿಗೆ ಹೋಗುವವರಿಗೆ ಏರು ಬೇಕೇ ಬೇಕು. ಸಾಗರದ ಕಡೆ ರಸ್ತೆ ಸಮತಟ್ಟು ಅಂದುಕೊಂಡು ಹೋದವರು ಅಲ್ಲಿ ಒದ್ದಾಡಿದ್ದನ್ನು ನೋಡಿದ್ದೇನೆ.

ನಂದಿ 1478 ಮೀಟರ್. ಬುಡದಿಂದ ತುದಿಗೆ ಏಳೆಂಟು ಕಿ.ಮೀ. ತಿರುವು ರಸ್ತೆ. ಮೊದಲರ್ಧ ಸುಲಭ ಅನ್ನಿಸಿ ಮೋಸ ಮಾಡುತ್ತದೆ. ಕೊನೆಯ ಎರಡು ಕಿ.ಮೀ. ಕಡಿದಾಗಿದೆ, ಅಲ್ಲೇ ಎಲ್ಲರ ಉಸಿರು ಕಟ್ಟುವುದು. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಗೇರ್ ಇದ್ದರೆ ಮಂಡಿ ಉಳಿಯುತ್ತದೆ. ಹಿಂದೆ 25ರ ಹಳೇ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಇದ್ದರೆ ಬದಲಾಯಿಸಿ, ಅದರಲ್ಲಿ ಮರ್ಯಾದೆ ಪ್ರಶ್ನೆ ಏನೂ ಇಲ್ಲ.

ಶನಿವಾರ, ಭಾನುವಾರ ಮಾತ್ರ ಬೇಡ. ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳು ಕತ್ತಲಲ್ಲೇ ಸಾಲು ನಿಂತಿರುತ್ತವೆ. ಹತ್ತುವುದಕ್ಕಿಂತ ಇಳಿಯುವಾಗ ಅಪಾಯ ಜಾಸ್ತಿ. ತಿರುವಿನಲ್ಲಿ ಎದುರಿಂದ ಕಾರು ಪೂರ್ತಿ ರಸ್ತೆ ತುಂಬಿಕೊಂಡು ಬರುತ್ತದೆ. ಮಂಜಿನ ದಿನಗಳಲ್ಲಿ ರಸ್ತೆ ಒದ್ದೆ, ಮೇಲೆ ಕೋತಿ ಕಾಟ. ಮಂಗಳವಾರ ಬುಧವಾರ ಹೋಗಿ ನೋಡಿ, ಅದೇ ಬೆಟ್ಟ ಬೇರೆ ಥರ ಇರುತ್ತದೆ.

ಗೌರಿಬಿದನೂರಿನವ

ಮಂಚೇನಹಳ್ಳಿ ರಸ್ತೆ ಬಗ್ಗೆ ಒಂದು ಮಾತು. ಕಣಿವೆ ಚೆನ್ನಾಗಿದೆ, ನಿಜ. ಹೆದ್ದಾರಿ ಅನ್ನುವುದನ್ನು ಮರೆಯಬೇಡಿ. ಬೆಳಗ್ಗೆ ಎಂಟರ ಮೇಲೆ ಬಸ್ಸು, ಲಾರಿ ಶುರು. ಆರಕ್ಕೆ ಚಿಕ್ಕಬಳ್ಳಾಪುರ ಬಿಟ್ಟರೆ ಎಂಟರೊಳಗೆ ಗೌರಿಬಿದನೂರಲ್ಲಿ ಇಡ್ಲಿ ತಿನ್ನುತ್ತಿರಬಹುದು.

ಗಾಳಿ ಲೆಕ್ಕವನ್ನೂ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ನಮ್ಮ ಬಯಲಲ್ಲಿ ಜೋರಾಗಿ ಬೀಸುತ್ತದೆ. ಆಗ ಪಶ್ಚಿಮಕ್ಕೆ, ಅಂದರೆ ನಮ್ಮೂರ ಕಡೆಗೆ ಬರುವಾಗ ಎದುರು ಗಾಳಿ, ವಾಪಸ್ ಹೋಗುವಾಗ ಬೆನ್ನ ಹಿಂದೆ. ನೀವು ಏರು ಹತ್ತುವ ಹೊತ್ತಿಗೆ ಗಾಳಿ ತಳ್ಳುತ್ತದೆ, ಅದು ನಿಮ್ಮ ಅದೃಷ್ಟ. ಚಿಂತಾಮಣಿ ಕಡೆ ಹೋದರೆ ಇದು ತಿರುಗುಮುರುಗು. ಹೋಗುವಾಗ ಹಾರುತ್ತಾ ಹೋಗಿ, ಬರುವಾಗ ಸಾಕಪ್ಪಾ ಅನ್ನಿಸುತ್ತದೆ. ದಣಿದ ಮೇಲೆ ಎದುರು ಗಾಳಿ ಸಿಗದಂತೆ ದಾರಿ ಆರಿಸುವುದು ಒಳ್ಳೆಯದು.

ಕಂದವಾರ ಸವಾರ

ಮೇಷ್ಟ್ರೇ, ಅಣ್ಣಂದಿರೇ, ಇಷ್ಟು ಬೇಗ ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಎರಡು ವಿಷಯ ಕೇಳಬೇಕು. ಒಂದು, ಟೈರ್. ಈಗ 25 ಎಂಎಂ ಹಾಕಿದ್ದೇನೆ, ಪಂಕ್ಚರ್ ತುಂಬಾ. ಎರಡು, ಸುಗ್ಗಿ ಬಂದ ಮೇಲೆ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡುತ್ತಾರಲ್ಲ, ಅದರ ಮೇಲೆ ಹೋಗಬಹುದಾ?

ಶಿಡ್ಲಘಟ್ಟದ ಅಕ್ಕ

ಎರಡಕ್ಕೂ ನಾನು ಹೇಳುತ್ತೇನೆ, ನಮ್ಮ ಕಡೆ ಎರಡೂ ಜಾಸ್ತಿ.

ಪಂಕ್ಚರ್ ಆಗುವುದು ಗಾಜಿನಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ರಸ್ತೆಗಳಲ್ಲಿ ಅದಕ್ಕಿಂತ ಕಾಟ ಕೊಡುವುದು ನೆಗ್ಗಿಲ ಮುಳ್ಳು. ರಸ್ತೆ ಅಂಚಿನ ಮಣ್ಣಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ಗಿಡ, ಪುಟ್ಟ ಹಳದಿ ಹೂವು. ಕಾಯಿ ಒಣಗಿದ ಮೇಲೆ ಒಡೆದು ಬೀಳುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಂತಿರುತ್ತದೆ. ಲಾರಿಗೆ ದಾರಿ ಬಿಡಲು ಅಂಚಿಗೆ ಇಳಿದು ಮತ್ತೆ ಡಾಂಬರಿಗೆ ಹತ್ತಿದಿರಿ ಅನ್ನಿ, ಟೈರಲ್ಲಿ ಎರಡು ಮೂರು ಕೂತಿರುತ್ತವೆ. ಮುಳ್ಳಿನ ತುದಿ ಮುರಿದು ಟೈರೊಳಗೇ ಉಳಿಯುವುದರಿಂದ ಟ್ಯೂಬ್ ಬದಲಾಯಿಸಿದ ಐದು ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತದೆ. ಹಾಗಾಗಿ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈ ಸುತ್ತ ಒಂದು ಬಟ್ಟೆ ಚೂರು ಎಳೆಯಿರಿ. ಮುಳ್ಳಿದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಹೊರಗಿಂದ ಅಲ್ಲೇ ಒತ್ತಿ, ಒಳಗೆ ಎದ್ದ ತುದಿಯನ್ನು ಚಿಮಟದಲ್ಲಿ ಕೀಳಿ. ಬೆರಳಲ್ಲಿ ಸವರಬೇಡಿ, ರಕ್ತ ಬರುತ್ತೆ.

ನಿಮ್ಮ ಫ್ರೇಮಿಗೆ ಹಿಡಿಸಿದರೆ 28 ಎಂಎಂ ಹಾಕಿ. ಗಾಳಿ ಸ್ವಲ್ಪ ಕಮ್ಮಿ ಇಟ್ಟರೂ ನಡೆಯುತ್ತದೆ, ಒರಟು ರಸ್ತೆಯಲ್ಲಿ ಕೈ ಜೋಮು ಹಿಡಿಯುವುದಿಲ್ಲ. ಇನ್ನೊಂದು, ರೋಡ್ ಬೈಕ್ ಟ್ಯೂಬಿನ ಸಣ್ಣ ವಾಲ್ವ್‌ಗೆ ಹಳ್ಳಿ ಪಂಕ್ಚರ್ ಅಂಗಡಿಯ ಗಾಳಿ ಪೈಪು ಕೂರುವುದಿಲ್ಲ. ಹಿತ್ತಾಳೆಯ ಒಂದು ಅಡಾಪ್ಟರ್ ಸಿಗುತ್ತದೆ, ಗುಂಡಿಯಷ್ಟೂ ದೊಡ್ಡದಲ್ಲ. ಅದನ್ನು ವಾಲ್ವಿಗೇ ತಿರುಗಿಸಿ ಬಿಟ್ಟಿರಿ.

ರಾಗಿ ಒಕ್ಕಣೆ ವಿಷಯ. ಹುಲ್ಲಿನ ಮೇಲೆ ಹೋಗಲೇಬೇಡಿ. ಒಣ ಹುಲ್ಲಿನ ಮೇಲೆ ತೆಳು ಟೈರ್ ಜಾರುತ್ತದೆ, ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡರೆ ಚೈನನ್ನು ಗೇರಿಂದ ಗೇರಿಗೆ ಸರಿಸುವ ಡಿರೈಲರ್ ಮುರಿದೇ ಹೋಗುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಕಾಳು ಹರಡಿದ್ದರೆ ಪಕ್ಕದಲ್ಲಿ ಹೋಗಿ, ತುಳಿಯಬೇಡಿ. ಅದು ಅವರ ವರ್ಷದ ದುಡಿಮೆ. ಕಣ ಮಾಡಲು ಜಾಗ ಇಲ್ಲದವರು ರಸ್ತೆಗೆ ತರುತ್ತಾರೆ. ನಿಂತು ಒಂದು ಮಾತಾಡಿಸಿದರೆ ಅವರೇ ಕೋಲಲ್ಲಿ ಹುಲ್ಲು ಸರಿಸಿ ದಾರಿ ಬಿಡುತ್ತಾರೆ.

ಕಂದವಾರ ಸವಾರ

ಅಕ್ಕಾ, ನೀವು ಒಬ್ಬರೇ ಹೋಗುತ್ತೀರಾ? ನನ್ನ ತಂಗಿಯೂ ಶುರು ಮಾಡಬೇಕು ಅಂತಿದ್ದಾಳೆ, ಮನೆಯಲ್ಲಿ ಒಪ್ಪುತ್ತಿಲ್ಲ.

ಶಿಡ್ಲಘಟ್ಟದ ಅಕ್ಕ

ಒಬ್ಬಳೇ ಹೋಗುತ್ತೇನೆ. ಶಿಡ್ಲಘಟ್ಟದಿಂದ ಚಿಂತಾಮಣಿ, ಅಲ್ಲಿಂದ ಕೈವಾರ. ತಾತಯ್ಯನವರ ಮಠದ ಹತ್ತಿರ ನೀರು ಕುಡಿದು ವಾಪಸ್. ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತರು ಬೆಳಗ್ಗೆಯೇ ರಸ್ತೆಯಲ್ಲಿ ಇರುತ್ತಾರೆ. ದಿನಾ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಹೋದರೆ ಮುಖ ಪರಿಚಯ ಆಗುತ್ತದೆ. ಹಾಲಿನ ಡೇರಿ ಮುಂದೆ ಕ್ಯಾನ್ ಇಳಿಸುವವರು, ಹೂ ಕೀಳುವ ಹೆಂಗಸರು, ಎಲ್ಲರೂ "ಏನಮ್ಮಾ, ನಿನ್ನೆ ಬರಲಿಲ್ಲ" ಅಂತ ಕೇಳುತ್ತಾರೆ. ಅದೇ ದೊಡ್ಡ ಧೈರ್ಯ. ತಂಗಿಗೆ ಮೊದಲು ಒಂದೇ ರಸ್ತೆ ಅಭ್ಯಾಸ ಮಾಡಿಸಿ, ಬೆಳಕು ಹರಿದ ಮೇಲೆ ಹೊರಡಲಿ, ಫೋನಲ್ಲಿ ಲೊಕೇಶನ್ ಹಂಚಿಕೊಳ್ಳಲಿ. ಅಪ್ಪ ಅಮ್ಮನನ್ನು ಒಂದು ದಿನ ಸ್ಕೂಟರಲ್ಲಿ ಅದೇ ದಾರಿ ತೋರಿಸಿಕೊಂಡು ಬನ್ನಿ. ನಮ್ಮ ಮನೆಯಲ್ಲಿ ಹಾಗೇ ಒಪ್ಪಿದ್ದು.

ನಾಯಿ ಬಂದರೆ ಓಡಿಸಿಕೊಂಡು ಹೋಗಬಾರದು. ವೇಗ ಇಳಿಸಿ, ಗಟ್ಟಿಯಾಗಿ ಗದರಿ. ಬಿಡಲಿಲ್ಲ ಅಂದರೆ ಇಳಿದು ಸೈಕಲನ್ನು ನಡುವೆ ಹಿಡಿದು ನಡೆಯಿರಿ. ಓಡುವುದು ನಿಂತ ಮೇಲೆ ಬಹಳಷ್ಟು ನಾಯಿಗಳಿಗೆ ಆಸಕ್ತಿ ಹೋಗುತ್ತದೆ.

ಅಂತರಗಂಗೆ

ಕೋಲಾರದಿಂದ ಚಿಕ್ಕದಾಗಿ. ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿಗೆ ಹತ್ತುವ ರಸ್ತೆ ನಂದಿಗಿಂತ ಗಿಡ್ಡ, ಆದರೆ ಕಾಲಿಗೆ ಒಳ್ಳೆಯ ಪರೀಕ್ಷೆ. ಮೇಲೆ ಹಳ್ಳಿಗಳಿವೆ, ಹೊಲಗಳಿವೆ, ವಾಹನ ಕಮ್ಮಿ. ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಸುತ್ತಮುತ್ತ ಮಾತ್ರ ಬರಬೇಡಿ, ಲಾರಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಮುದ್ದೇನಹಳ್ಳಿ ಮೇಷ್ಟ್ರು

ಒಂದು ಹೇಳುವುದು ಬಿಟ್ಟಿತ್ತು. ಗುಡಿಬಂಡೆ. ಪೇರೇಸಂದ್ರದವರೆಗೆ 44ನೇ ಹೆದ್ದಾರಿ, ಅಲ್ಲಿ ಬಿಟ್ಟು ಒಳಗೆ. ಹೆದ್ದಾರಿಯಲ್ಲಿ ಹೋಗುವಷ್ಟು ಹೊತ್ತು ಅಂಚಿನ ಬಿಳಿ ಗೆರೆಯ ಎಡಕ್ಕೇ ಇರಿ. ಸರ್ವಿಸ್ ರಸ್ತೆಯಲ್ಲಿ ಎದುರಿಂದ ಬೈಕು ಬರುವುದು ಮಾಮೂಲಿ, ಎಚ್ಚರ. ಒಳರಸ್ತೆ ಹಿಡಿದ ಮೇಲೆ ಬರೀ ಬಂಡೆಗುಡ್ಡ, ಕೆರೆ. ಗುಡಿಬಂಡೆ ಕೋಟೆ ಮೇಲಿಂದ ನೋಡಿದರೆ ಬೈರಸಾಗರ ಕೆರೆ ಭಾರತದ ನಕ್ಷೆಯ ಹಾಗೆ ಕಾಣುತ್ತದೆ. ಸೈಕಲ್ ಕೆಳಗೆ ಯಾರದ್ದಾದರೂ ಅಂಗಡಿ ಮುಂದೆ ಬಿಟ್ಟು ಹತ್ತಿ ಬನ್ನಿ.

ಆದಿಯೋಗಿ ಪ್ರತಿಮೆ ಇರುವ ಆವಲಗುರ್ಕಿ ಕಡೆ ಈಗ ವಾರಾಂತ್ಯ ವಾಹನ ವಿಪರೀತ. ಆ ರಸ್ತೆ ವಾರದ ನಡುವೆ ಇಟ್ಟುಕೊಳ್ಳಿ.

ಕ್ಯಾತ್ಸಂದ್ರ

ತುಮಕೂರಿನವರು ಯಾರೂ ಬಂದಿಲ್ಲವಲ್ಲ, ನಾನು ಹೇಳುತ್ತೇನೆ. ನಮಗೆ ದೇವರಾಯನದುರ್ಗವೇ ನಂದಿ. ನಾಮದ ಚಿಲುಮೆ ಮೇಲೆ ಕಾಡಿನ ನಡುವೆ ಹೋಗುವ ರಸ್ತೆ, ನೆರಳೇ ನೆರಳು. ಬೆಟ್ಟ ಇಳಿದು ಊರ್ಡಿಗೆರೆ ಮೇಲೆ ವಾಪಸ್ ಬಂದರೆ ಚೆಂದದ ಸುತ್ತು. ಆಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮನೆಗೆ ಹೋದವರನ್ನು ನಾನು ಕಂಡಿಲ್ಲ. ದೊಡ್ಡದು ಬೇಕಾದರೆ ಕೊರಟಗೆರೆ, ಮಧುಗಿರಿ. ಮಧುಗಿರಿಯ ಏಕಶಿಲಾ ಬೆಟ್ಟ ತುಂಬಾ ದೂರದಿಂದಲೇ ಕಾಣುತ್ತದೆ.

ಕಡಲಿನ ವಿಷಯಕ್ಕೆ ಬಂದರೆ, ಪೂರ್ತಿ ತುಳಿಯಲೇಬೇಕಾ? ಬೆಂಗಳೂರಿಂದ ತಾಳಗುಪ್ಪಕ್ಕೆ ಹೋಗುವ ರೈಲು ತುಮಕೂರು, ಅರಸೀಕೆರೆ ಮೇಲೇ ಹೋಗುತ್ತದೆ. ಸೈಕಲನ್ನು ಪಾರ್ಸೆಲ್ ಆಫೀಸಲ್ಲಿ ಬುಕ್ ಮಾಡಿ ಲಗೇಜ್ ವ್ಯಾನಲ್ಲಿ ಹಾಕಬಹುದು. ತಾಳಗುಪ್ಪದಿಂದ ಜೋಗ, ಗೇರುಸೊಪ್ಪೆ, ಹೊನ್ನಾವರ, ಒಟ್ಟು ಎಪ್ಪತ್ತರ ಆಸುಪಾಸು. ಬರೀ ಒಳ್ಳೆಯ ಭಾಗ ಸಿಗುತ್ತದೆ.

ಗೌರಿಬಿದನೂರಿನವ

ಇದಕ್ಕೆ ನನ್ನ ತಕರಾರಿದೆ. ಮನೆ ಬಾಗಿಲಿಂದ ಕಡಲಿಗೆ ಅಂತ ಅಣ್ಣ ಕೇಳಿದ್ದು. ಮಧುಗಿರಿ, ಶಿರಾ, ಹುಳಿಯಾರು, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ಅಂತ ಒಂದೊಂದೇ ಊರು ದಾಟುತ್ತಾ ಬಯಲು ಸೀಮೆ ಮಲೆನಾಡಾಗುವುದನ್ನು ನೋಡುವುದೇ ಬೇರೆ. ಬುಕ್ಕಾಪಟ್ಟಣದ ಹತ್ತಿರ ಕುರುಚಲು ಕಾಡು, ಅಲ್ಲಿ ಚಿಂಕಾರಾ ಜಿಂಕೆಗೆ ಅಂತಲೇ ವನ್ಯಧಾಮ ಮಾಡಿದ್ದಾರೆ. ಆಮೇಲೆ ತೆಂಗು, ಆಮೇಲೆ ಅಡಿಕೆ, ಕೊನೆಗೆ ಘಟ್ಟ. ರೈಲಲ್ಲಿ ರಾತ್ರಿ ಮಲಗಿ ಎದ್ದರೆ ಇದೆಲ್ಲ ಎಲ್ಲಿ ಕಾಣುತ್ತೆ?

ಕ್ಯಾತ್ಸಂದ್ರ

ಚೆನ್ನಾಗಿ ಹೇಳಿದಿರಿ. ಆದರೆ ಶಿರಾದಿಂದ ಹುಳಿಯಾರಿನ ತನಕ ನೆರಳಿಲ್ಲ, ನೀರು ತುಂಬಿಸಿಕೊಳ್ಳುವ ಜಾಗ ದೂರ ದೂರ. ದೂರ ತುಳಿದು ಅಭ್ಯಾಸ ಇಲ್ಲದವರಿಗೆ ಅಲ್ಲೇ ಬೇಸರ ಬಂದುಬಿಡುತ್ತದೆ. ರಜೆ ನಾಲ್ಕು ದಿನ ಇದ್ದರೆ ಪೂರ್ತಿ ತುಳಿಯಿರಿ, ಎರಡೇ ದಿನ ಇದ್ದರೆ ರೈಲು ಹತ್ತಿ.

ಹೊನ್ನಾವರದ ಹುಡುಗ

ನಾನು ಹುಟ್ಟೂರು ಹೊನ್ನಾವರ, ಕೆಲಸಕ್ಕೆ ತುಮಕೂರು. ಎರಡೂ ಕಡೆ ತುಳಿಯುವವನು. ಪೂರ್ತಿ ದಾರಿ ನಾನೂರು ಕಿಲೋಮೀಟರ್ ದಾಟುತ್ತದೆ. ಬ್ರೆವೆ, ಅಂದರೆ ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ, ಓಡುವವರು ನಾನೂರನ್ನು 27 ಗಂಟೆಯೊಳಗೆ ಮುಗಿಸಬೇಕು, ಅದು ಅವರ ನಿಯಮ. ನೀವು ಹಾಗೆ ಹೋಗಬೇಡಿ. ಶಿರಾ, ಕಡೂರು, ಸಾಗರದಲ್ಲಿ ರಾತ್ರಿ ಉಳಿದು ನಾಲ್ಕನೇ ದಿನ ಕಡಲು. ಮೂರನೇ ದಿನ ಉದ್ದ ಆಗುತ್ತದೆ. ಶಿವಮೊಗ್ಗ ದಾಟಿದ ಮೇಲೆ ಏರಿಳಿತ ನಿಲ್ಲುವುದೇ ಇಲ್ಲ. ನಂದಿಯಲ್ಲಿ ಒಂದು ದೊಡ್ಡ ಏರು ಹತ್ತಿ ಮುಗಿಸಿಬಿಡಬಹುದು. ಇಲ್ಲಿ ಸಣ್ಣ ಸಣ್ಣವು ದಿನಪೂರ್ತಿ. ಅದಕ್ಕೆ ತಯಾರಿ ಅಂದರೆ ಮೇಷ್ಟ್ರು ಹೇಳಿದ ಗುಡಿಬಂಡೆ, ಮಂಚೇನಹಳ್ಳಿ ಸುತ್ತುಗಳೇ. ಶನಿವಾರ ಒಂದು, ಭಾನುವಾರ ಇನ್ನೊಂದು, ಬೆನ್ನಿಗೆ ಬೆನ್ನು ಹಚ್ಚಿ ತುಳಿಯಿರಿ. ದಣಿದ ಕಾಲಲ್ಲಿ ಮರುದಿನ ಮತ್ತೆ ಸೀಟಿನ ಮೇಲೆ ಕೂರುವುದು ಕಲಿಯಬೇಕು, ಬರೀ ವೇಗ ಸಾಲದು.

ಘಟ್ಟದ ಬಗ್ಗೆ ಸರಿಯಾಗಿ ಕೇಳಿ. ಜೋಗದ ಹತ್ತಿರ ಮಾವಿನಗುಂಡಿ ದಾಟಿದ ಮೇಲೆ ಗೇರುಸೊಪ್ಪೆಯ ಇಳಿಜಾರು. ದಟ್ಟ ಕಾಡು, ತಿರುವಿನ ಮೇಲೆ ತಿರುವು. ಬ್ರೇಕ್ ಒಂದೇ ಸಮ ಹಿಡಿದುಕೊಂಡು ಇಳಿದರೆ ರಿಮ್ ಬ್ರೇಕ್ ಸೈಕಲಲ್ಲಿ ರಿಮ್ ಕಾದು ಟ್ಯೂಬ್ ಒಡೆಯುವುದೂ ಉಂಟು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ, ಮತ್ತೆ ಹಿಡಿಯಿರಿ. ನಡುವೆ ನಿಂತು ರಿಮ್‌ಗೆ ಗಾಳಿ ಆಡಲು ಬಿಡಿ. ಬಸ್ಸಿನ ಹಿಂದೆ ಅಂಟಿಕೊಳ್ಳಬೇಡಿ, ತಿರುವಿನಲ್ಲಿ ಅದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮರದ ನೆರಳಲ್ಲಿ ರಸ್ತೆ ಒದ್ದೆಯಾಗಿದ್ದರೆ ಕಾಣುವುದಿಲ್ಲ, ಜಾರಿದ ಮೇಲೇ ತಿಳಿಯುವುದು.

ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಶರಾವತಿ ಜೊತೆಗೇ ಬರುತ್ತಾಳೆ. ನನ್ನ ಕೇಳಿದರೆ ಇಡೀ ದಾರಿಯಲ್ಲಿ ಚೆಂದದ ಭಾಗ ಅದೇ. ಅಡಿಕೆ ತೋಟ, ತೆಂಗು, ಹೊಳೆಯಲ್ಲಿ ದೋಣಿ. ಆದರೆ ನಿಮ್ಮ ಕಡೆಯವರಿಗೆ ಅಲ್ಲೇ ತೊಂದರೆ ಶುರುವಾಗುವುದೂ. ಬಯಲುಸೀಮೆಯ ಒಣ ಹವೆಗೆ ಒಗ್ಗಿದ ಮೈಗೆ ಕರಾವಳಿಯ ಸೆಕೆ ತಡೆಯುವುದಿಲ್ಲ. ಬೆವರು ಆರುವುದೇ ಇಲ್ಲ. ಬರೀ ನೀರು ಕುಡಿದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಓಆರ್‌ಎಸ್ ಏನಾದರೂ ಇಟ್ಟುಕೊಳ್ಳಿ. ಬೆಳಗ್ಗೆ ಹತ್ತು ಗಂಟೆ ಆದ ಮೇಲೆ ತುಳಿಯಬೇಡಿ.

ಹೊನ್ನಾವರ ಮುಟ್ಟಿದ ಮೇಲೆ ಒಂದು ದಿನ ಉಳಿದರೆ, ಬೆಳಗ್ಗೆ ಶರಾವತಿ ಸೇತುವೆ ದಾಟಿ ಕಾಸರಕೋಡು, ಅಪ್ಸರಕೊಂಡ, ಮಂಕಿ, ಮುರ್ಡೇಶ್ವರ. 66ನೇ ಹೆದ್ದಾರಿಯಲ್ಲಿ ವಾಹನಗಳ ವೇಗ ಜಾಸ್ತಿ, ಹಾಗಾಗಿ ಸಿಕ್ಕಲ್ಲೆಲ್ಲ ಊರೊಳಗಿನ ಹಳೇ ರಸ್ತೆ ಹಿಡಿಯಿರಿ. ಇನ್ನೂ ಶಕ್ತಿ ಇದ್ದರೆ ಮರವಂತೆಯವರೆಗೆ ಹೋಗಿ. ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ರಸ್ತೆ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಸೈಕಲ್ ತೊಳೆದು ಚೈನಿಗೆ ಎಣ್ಣೆ ಹಾಕಿ. ಉಪ್ಪುಗಾಳಿಗೆ ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ.

ನಂದಿ ಕ್ರಾಸ್

ಇದನ್ನು ಯಾರಾದರೂ ಮೇಲೆ ಪಿನ್ ಮಾಡಿ. ಘಟ್ಟ ಇಳಿಯುವ ಮುಂಚೆ ನಂದಿಯಲ್ಲೇ ವಾರದ ದಿನ ಇಳಿಯುವ ಅಭ್ಯಾಸ ಮಾಡಬಹುದು. ಬ್ರೇಕ್ ಪ್ಯಾಡ್ ಸವೆದಿದ್ದರೆ ಡಿಸೆಂಬರ್‌ಗೆ ಮುಂಚೆ ಬದಲಾಯಿಸಿ.

ಕಂದವಾರ ಸವಾರ

ತೀರ್ಮಾನ ಮಾಡಿದೆ. ನಾಲ್ಕು ದಿನ ರಜೆ ಹಾಕುತ್ತೇನೆ, ಪೂರ್ತಿ ತುಳಿಯುತ್ತೇನೆ. ಬರುವಾಗ ತಾಳಗುಪ್ಪದ ರೈಲು. ಅಲ್ಲಿಯವರೆಗೆ ಘಟ್ಟವನ್ನು ಬಸ್ಸಲ್ಲೇ ಹತ್ತುತ್ತೇನೆ, ಸೈಕಲ್ ಮೇಲೆ ಹಾಕಲು ಕಂಡಕ್ಟರ್ ಒಪ್ಪಿದರೆ. ಅದಕ್ಕೆ ಮುಂಚೆ ಶನಿವಾರ ಗುಡಿಬಂಡೆ, ಭಾನುವಾರ ವಿದುರಾಶ್ವತ್ಥ. 28ರ ಟೈರ್ ತರಿಸುತ್ತೇನೆ. ಮಂಚೇನಹಳ್ಳಿ ಕಡೆಗೆ ಈ ಭಾನುವಾರ ಯಾರಾದರೂ ಬರುತ್ತೀರಾ?

ಗೌರಿಬಿದನೂರಿನವ

ನಾನು ಇಲ್ಲಿಂದ ಎದುರು ಬರುತ್ತೇನೆ. ಮಂಚೇನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ಏಳು ಗಂಟೆಗೆ ಸಿಗೋಣ.

ಶಿಡ್ಲಘಟ್ಟದ ಅಕ್ಕ

ನಾನೂ ಬರುತ್ತೇನೆ. ಚಿಕ್ಕಬಳ್ಳಾಪುರದಿಂದ ನಿಮ್ಮ ಜೊತೆಗೇ ಹೊರಡುತ್ತೇನೆ. ತಂಗಿಯನ್ನೂ ರಂಗಸ್ಥಳದವರೆಗೆ ಕರೆದುಕೊಂಡು ಬನ್ನಿ, ಅಲ್ಲಿಂದ ಅವಳು ವಾಪಸ್ ಹೋಗಬಹುದು. ಈಗ ಮಂಜು ಜಾಸ್ತಿ, ಹಿಂದಿನ ಕೆಂಪು ಲೈಟ್ ಇಲ್ಲದೆ ಯಾರೂ ಬರಬೇಡಿ.